ಕೂಲಿಂಗ್ ರಿಪೇರಿ ಆದ ಮೇಲೆ ಲಾರಿಯ ಟೆಂಪರೇಚರ್ ಮುಳ್ಳು ವಿಚಿತ್ರವಾಗಿ ಆಡುತ್ತಿದೆಯೇ? ಈ ಕ್ರಮದಲ್ಲಿ ನೋಡಿ

"ರೇಡಿಯೇಟರ್ ಬದಲಾಯಿಸಿದೆ, ಈಗ ಮುಳ್ಳು ಮೇಲೇಳುವುದೇ ಇಲ್ಲ." "ವಾಟರ್ ಪಂಪ್ ಹೊಸದು ಹಾಕಿಸಿದೆ, ಏರು ಹತ್ತುವಾಗ ಕೆಂಪಿನ ಹತ್ತಿರ ಹೋಗಿ ಆಮೇಲೆ ದಡಕ್ಕನೆ ಇಳಿಯುತ್ತದೆ." "ಥರ್ಮೋಸ್ಟಾಟ್, ಸೆನ್ಸರ್ ಎರಡೂ ಹೊಸವು, ಆದರೂ ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಅಲುಗುತ್ತದೆ." ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳುವ ಹೊತ್ತಿಗೆ ಬಹಳ ಜನ ಇನ್ನೂ ಎರಡು ಮೂರು ಹೊಸ ಸಾಮಾನು ಹಾಕಿಸಿ ಆಗಿರುತ್ತದೆ, ತೊಂದರೆ ಮಾತ್ರ ಹಾಗೇ ಉಳಿದಿರುತ್ತದೆ.

ಇದಕ್ಕೆ ಕಾರಣ ಒಂದೇ. ಮುಳ್ಳು ತಪ್ಪು ತೋರಿಸುತ್ತಿದೆಯೋ, ಇಂಜಿನ್ನೇ ನಿಜವಾಗಿ ಕಾದಿದೆಯೋ ಎಂಬುದನ್ನು ತಿಳಿದುಕೊಳ್ಳದೆ ಸ್ಪ್ಯಾನರ್ ಹಿಡಿಯುತ್ತೇವೆ. ಮೊದಲನೆಯದು ವೈರಿನ ಕೆಲಸ, ಎರಡನೆಯದು ನೀರಿನ ಮತ್ತು ಗಾಳಿಯ ಕೆಲಸ. ಎರಡಕ್ಕೂ ಒಂದೇ ಔಷಧ ಇಲ್ಲ. ಆದ್ದರಿಂದ ಕೆಳಗಿನ ಕ್ರಮವನ್ನು ದಯವಿಟ್ಟು ಮಧ್ಯದಿಂದ ಶುರು ಮಾಡಬೇಡಿ.

ಮುಳ್ಳು ಅಲುಗುವುದು ಹೇಗೆ

ಇಂಜಿನ್ನಿನ ನೀರಿನ ದಾರಿಯಲ್ಲಿ, ಸಾಮಾನ್ಯವಾಗಿ ಥರ್ಮೋಸ್ಟಾಟ್ (ಇಂಜಿನ್ ಕಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಬಾಗಿಲು) ಇರುವ ಡಬ್ಬಿಯ ಹತ್ತಿರ, ಒಂದು ಸೆನ್ಸರ್ ಕೂತಿರುತ್ತದೆ. ಶಾಖ ಏರಿದಂತೆ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಕಡಿಮೆಯಾಗುತ್ತದೆ. ಹಳೆಯ ಲಾರಿಗಳಲ್ಲಿ ಈ ಸೆನ್ಸರ್‌ಗೆ ಒಂದೇ ವೈರ್. ಅದು ನೇರವಾಗಿ ಮೀಟರಿಗೆ ಹೋಗುತ್ತದೆ, ಅರ್ಥ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಅದರ ಮೈಯಿಂದಲೇ ಇಂಜಿನ್ ಬ್ಲಾಕಿಗೆ ಸಿಗಬೇಕು. ಹೊಸ ಲಾರಿಗಳಲ್ಲಿ ಎರಡು ವೈರ್ ಇದ್ದು, ಮಾಹಿತಿ ಮೊದಲು ಇಂಜಿನ್ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಡ್ಯಾಶ್‌ಬೋರ್ಡಿಗೆ ಬರುತ್ತದೆ.

ಎರಡು ಮಾತು ಇಲ್ಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಒಂದು, ಸೆನ್ಸರ್ ತನ್ನನ್ನು ಮುಟ್ಟುತ್ತಿರುವುದರ ಶಾಖವನ್ನಷ್ಟೇ ಹೇಳಬಲ್ಲದು. ಸುತ್ತ ನೀರಿದ್ದರೆ ನೀರಿನದು, ಹಬೆ ಇದ್ದರೆ ಹಬೆಯದು, ಬರೀ ಗಾಳಿ ಇದ್ದರೆ ಗಾಳಿಯದು. ಎರಡು, ಹೊಸ ಗಾಡಿಗಳ ಮುಳ್ಳು ಎಷ್ಟೋ ಸಲ ಬೇಕೆಂದೇ ಮಂದ. ನೀರು 80 ಇದ್ದರೂ 100 ಇದ್ದರೂ ಅದು ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ. ಹಾಗಾಗಿ ಮುಳ್ಳು ಜಾಗ ಬಿಟ್ಟು ಅಲುಗಿತು ಅಂದರೆ ಒಳಗೆ ಆಗಿರುವ ಬದಲಾವಣೆ ನೀವು ಅಂದುಕೊಂಡದ್ದಕ್ಕಿಂತ ದೊಡ್ಡದೇ ಇರಬಹುದು.

ಬೇಕಾದ ಸಾಮಾನು

ಇನ್‌ಫ್ರಾರೆಡ್ ಥರ್ಮಾಮೀಟರ್ (ಗುರಿ ಹಿಡಿದು ಒತ್ತಿದರೆ ಮೇಲ್ಮೈ ಶಾಖ ತೋರಿಸುವ ಪಿಸ್ತೂಲಿನಂಥದ್ದು), ಮಲ್ಟಿಮೀಟರ್, ಟಾರ್ಚ್, ದಪ್ಪ ಗ್ಲೌಸ್, ಕಪ್ಪು ಇನ್ಸುಲೇಷನ್ ಟೇಪ್, ನಿಮ್ಮ ಗಾಡಿಗೆ ಹೇಳಿರುವ ಕೂಲೆಂಟ್ (ಇಂಜಿನ್ ತಣಿಸುವ ದ್ರವ; ಈ ಬರಹದಲ್ಲಿ ಇಂಜಿನ್ನಿನ 'ನೀರು' ಎಂದಿರುವುದೂ ಇದನ್ನೇ), ಅದನ್ನು ಅಳೆದು ಸುರಿಯಲು ಲೀಟರ್ ಗುರುತಿನ ಜಗ್. ಕಂಪ್ಯೂಟರ್ ಇರುವ ಗಾಡಿಯಾದರೆ ಭಾರಿ ವಾಹನಗಳ ಸ್ಕ್ಯಾನರ್. ಕಾರಿನ ಸ್ಕ್ಯಾನರ್ ಎಲ್ಲ ಲಾರಿಗಳಿಗೂ ಮಾತಾಡುವುದಿಲ್ಲ. ಗಾಡಿಯ ಸರ್ವಿಸ್ ಪುಸ್ತಕ ಕೈಗೆ ಸಿಗುವಂತಿದ್ದರೆ ಇನ್ನೂ ಒಳ್ಳೆಯದು, ಕೆಳಗೆ ನಾನು ಕೊಡುವ ಅಂಕಿಗಳಿಗಿಂತ ಅದರ ಅಂಕಿಯೇ ದೊಡ್ಡದು.

ಕೈ ಹಚ್ಚುವ ಮೊದಲು

ಕಾದ ಇಂಜಿನ್ನಿನ ಕೂಲೆಂಟ್ ಕ್ಯಾಪ್ ತೆಗೆಯಬೇಡಿ. ಇದನ್ನು ಎಲ್ಲರೂ ಕೇಳಿರುತ್ತಾರೆ, ಆದರೂ ಪ್ರತಿ ಸಲ ಯಾರಾದರೂ ಸುಟ್ಟುಕೊಳ್ಳುತ್ತಾರೆ. ಕಾರಣ ಗೊತ್ತಿದ್ದರೆ ಮರೆಯುವುದಿಲ್ಲ: ನೀರು ಮತ್ತು ಗ್ಲೈಕಾಲ್ ಸಮಸಮ ಬೆರೆಸಿದ ಕೂಲೆಂಟ್ ಬಯಲಿನಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. 15 ಪಿಎಸ್‌ಐ ಕ್ಯಾಪ್ ಹಾಕಿ ಒತ್ತಡದಲ್ಲಿ ಇಟ್ಟರೆ 129ರ ಹತ್ತಿರದವರೆಗೂ ಕುದಿಯದೆ ಇರುತ್ತದೆ. ಅಂದರೆ 115 ಡಿಗ್ರಿ ಇರುವಾಗ ಕ್ಯಾಪ್ ತೆಗೆದ ಕ್ಷಣವೇ ಒಳಗಿನದೆಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಎರಚುತ್ತದೆ. ಮೇಲಿನ ಹೋಸ್ ಒತ್ತಿದರೆ ಮೆತ್ತಗಿರಬೇಕು, ಕೈಯಲ್ಲಿ ಹಿಡಿದುಕೊಳ್ಳುವಷ್ಟು ತಣ್ಣಗಿರಬೇಕು, ಥರ್ಮಾಮೀಟರ್ 50ಕ್ಕಿಂತ ಕೆಳಗೆ ತೋರಿಸಬೇಕು. ಆಮೇಲಷ್ಟೇ ಕ್ಯಾಪ್.

ಚಕ್ರಕ್ಕೆ ಅಡೆ ಕೊಡಿ, ಹ್ಯಾಂಡ್‌ಬ್ರೇಕ್ ಹಾಕಿ. ಕ್ಯಾಬಿನ್ ಎತ್ತಿದರೆ ಅದರ ಲಾಕ್ ಪೂರ್ತಿ ಕೂತಿದೆಯೇ ಎಂದು ಕಣ್ಣಲ್ಲಿ ನೋಡಿ. ಫ್ಯಾನ್ ಸುಮ್ಮನೆ ನಿಂತಂತೆ ಕಂಡರೂ ಯಾವ ಕ್ಷಣದಲ್ಲಾದರೂ ಜೋರಾಗಿ ತಿರುಗತೊಡಗಬಹುದು, ಟವೆಲು, ಸಡಿಲ ತೋಳು ಹತ್ತಿರ ಬೇಡ. ಚೆಲ್ಲಿದ ಕೂಲೆಂಟ್ ಒರೆಸಿ, ತೆಗೆದದ್ದನ್ನು ಮುಚ್ಚಳದ ಡಬ್ಬಿಗೆ ತುಂಬಿಡಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ಮಕ್ಕಳಿಗೂ ನಾಯಿಬೆಕ್ಕುಗಳಿಗೂ ಅದು ಪ್ರಾಣಕ್ಕೇ ಕುತ್ತು ತರುವ ವಿಷ.

ಹಂತ 1: ಏನೇನು ಬಿಚ್ಚಿದ್ದರು, ಮುಳ್ಳು ಯಾವಾಗ ಆಡುತ್ತದೆ — ಬರೆದಿಡಿ

ರಿಪೇರಿಗೆ ಮುಂಚೆ ಇರದಿದ್ದ ತೊಂದರೆ ರಿಪೇರಿ ಆದ ಮೇಲೆ ಬಂದಿದ್ದರೆ, ಮೊದಲ ಅನುಮಾನ ಕೈ ಹಾಕಿದ ಜಾಗದ ಮೇಲೆಯೇ ಇರಲಿ. ನೀರು ಖಾಲಿ ಮಾಡಿದ್ದರೇ? ಹಾಗಾದರೆ ಒಳಗೆ ಗಾಳಿ ಸೇರಿದೆ. ರೇಡಿಯೇಟರ್ ಇಳಿಸಿದ್ದರೇ? ಫ್ಯಾನಿನ ಸುತ್ತಲಿನ ಕವಚ ವಾಪಸ್ ಹಾಕಿದ್ದಾರೆಯೇ? ಬೆಲ್ಟ್ ಬಿಚ್ಚಿದ್ದರೇ? ಅದನ್ನು ಸರಿಯಾದ ದಾರಿಯಲ್ಲೇ ಸುತ್ತಿದ್ದಾರೆಯೇ? ಬೆಲ್ಟಿನ ಬೆನ್ನಿನ ಕಡೆ ಓಡಬೇಕಾದ ಪಂಪಿಗೆ ಹಲ್ಲಿನ ಕಡೆ ಕೊಟ್ಟರೆ ಪಂಪು ಉಲ್ಟಾ ತಿರುಗುತ್ತದೆ, ನೋಡಲು ಎಲ್ಲ ಸರಿಯಾಗಿಯೇ ಇರುತ್ತದೆ.

ಮುಳ್ಳಿನ ನಡವಳಿಕೆಯನ್ನೂ ಬರೆಯಿರಿ. ಅದು ಬಹಳಷ್ಟು ಹೇಳುತ್ತದೆ:

- ಕೀ ತಿರುಗಿಸಿದ ಕೂಡಲೇ, ಇಂಜಿನ್ ತಣ್ಣಗಿರುವಾಗಲೇ, 'ಎಚ್' (ಬಿಸಿ) ಕಡೆ ಹಾರುತ್ತದೆ: ಇದು ವೈರಿನ ದೋಷ. ನೀರು ಒಂದು ಸೆಕೆಂಡಿನಲ್ಲಿ ಕಾಯುವುದಿಲ್ಲ.
- ಲೈಟ್, ವೈಪರ್ ಹಾಕಿದಾಗ ಅಲುಗುತ್ತದೆ: ಅರ್ಥ್ ಸರಿಯಿಲ್ಲ.
- ಡೀಸೆಲ್ ಮುಳ್ಳೂ ಜೊತೆಗೇ ತಪ್ಪು ತೋರಿಸುತ್ತದೆ: ಮೀಟರಿಗೆ ಬರುವ ಕರೆಂಟ್ ಅಥವಾ ಡ್ಯಾಶ್‌ಬೋರ್ಡಿನ ಅರ್ಥ್. ಹಳೆಯ ಗಾಡಿಗಳಲ್ಲಿ ಮೀಟರುಗಳಿಗೆ ಒಂದೇ ಸಮನೆ ವೋಲ್ಟೇಜ್ ಕೊಡುವ ಸ್ಟೆಬಿಲೈಸರ್ ಕೆಟ್ಟರೂ ಹೀಗೇ.
- ನಿಧಾನವಾಗಿ ಏರಿ ಕೆಂಪಿನ ಹತ್ತಿರ ಹೋಗಿ ಒಮ್ಮೆಲೇ ಬೀಳುತ್ತದೆ, ಮತ್ತೆ ಏರುತ್ತದೆ: ಗಾಳಿ ಸೇರಿಕೊಂಡಿರಬಹುದು, ಇಲ್ಲವೇ ಥರ್ಮೋಸ್ಟಾಟ್ ಸಿಕ್ಕಿ ಸಿಕ್ಕಿ ತೆರೆಯುತ್ತಿರಬಹುದು.
- ನಿಂತಾಗ ಏರುತ್ತದೆ, ಓಡುವಾಗ ಇಳಿಯುತ್ತದೆ: ಫ್ಯಾನ್.
- ನಿಂತಾಗ ಸರಿ, ಲೋಡ್ ಹಾಕಿ ಓಡುವಾಗ ಏರುತ್ತದೆ: ನೀರಿನ ಹರಿವು ಕಡಿಮೆ, ಅಥವಾ ರೇಡಿಯೇಟರ್ ಕಟ್ಟಿಕೊಂಡಿದೆ.
- ಓಡುವಾಗ ಇಳಿದು ಇಳಿದು 'ಸಿ' (ತಣ್ಣಗೆ) ಹತ್ತಿರ ಹೋಗುತ್ತದೆ: ಥರ್ಮೋಸ್ಟಾಟ್ ತೆರೆದೇ ಉಳಿದಿದೆ, ಅಥವಾ ಹಾಕಿಯೇ ಇಲ್ಲ.

ಇಲ್ಲೊಂದು ವಿಷಯ. ಹಳೆಯ ಥರ್ಮೋಸ್ಟಾಟ್ ವರ್ಷಗಟ್ಟಲೆ ಅರ್ಧ ತೆರೆದೇ ಇದ್ದ ಗಾಡಿಯಲ್ಲಿ ಮುಳ್ಳು ಯಾವಾಗಲೂ ಕೆಳಗಿರುತ್ತಿತ್ತು, ಡ್ರೈವರ್ ಕಣ್ಣಿಗೆ ಅದೇ ರೂಢಿ. ಹೊಸದು ಹಾಕಿದ ಮೇಲೆ ಮುಳ್ಳು ಇರಬೇಕಾದ ಜಾಗಕ್ಕೆ ಬಂದಿದೆ, ಅದನ್ನು ನೋಡಿ 'ಹೀಟ್ ಆಗುತ್ತಿದೆ' ಎಂದು ಗಾಬರಿ. ತಣ್ಣಗಿನ ಇಂಜಿನ್ ಮೊದಲ ಸಲ ಕಾದು ಥರ್ಮೋಸ್ಟಾಟ್ ತೆರೆದಾಗ ರೇಡಿಯೇಟರಿನ ತಣ್ಣೀರು ಒಳನುಗ್ಗಿ ಮುಳ್ಳು ಸ್ವಲ್ಪ ಇಳಿಯುವುದೂ ಸಹಜ. ಇವೆರಡಕ್ಕೂ ರಿಪೇರಿ ಬೇಕಿಲ್ಲ.

ಹಂತ 2: ನೀರಿನ ಮಟ್ಟ, ಮತ್ತು ಒಳಗೆ ಸಿಕ್ಕಿಕೊಂಡ ಗಾಳಿ

ರಿಪೇರಿ ಆದ ವಾರದೊಳಗೆ ಬರುವ ತೊಂದರೆಗಳಲ್ಲಿ ನಾನು ಎಲ್ಲಕ್ಕಿಂತ ಮೊದಲು ಅನುಮಾನಿಸುವುದು ಇದನ್ನೇ, ಅದಕ್ಕೇ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಏರ್ ಲಾಕ್ ಅಂದರೆ ನೀರಿನ ದಾರಿಯ ಎತ್ತರದ ಜಾಗದಲ್ಲಿ ಗಾಳಿಯ ಗುಳ್ಳೆ ಕೂತುಬಿಡುವುದು. ಅದು ಸೆನ್ಸರ್ ಇರುವ ಜಾಗದಲ್ಲೇ ಕೂತರೆ ಮುಳ್ಳು ಒಮ್ಮೆ ಬಿದ್ದಿರುತ್ತದೆ, ಹಬೆ ತಾಗಿದಾಗ ಹಾರುತ್ತದೆ. ಥರ್ಮೋಸ್ಟಾಟ್ ಕೆಳಗೆ ಕೂತರೆ ಅದಕ್ಕೆ ಬಿಸಿನೀರು ಮುಟ್ಟುವುದೇ ಇಲ್ಲ, ತೆರೆಯಬೇಕಾದ ಹೊತ್ತಿಗೆ ತೆರೆಯುವುದಿಲ್ಲ. ಸಿಲಿಂಡರ್ ಹೆಡ್ಡಿನಲ್ಲಿ ಕೂತರೆ ಆ ಜಾಗದ ಕಬ್ಬಿಣ ಸುಡುತ್ತದೆ. ಹೀಟರ್ ಫುಲ್ ಬಿಸಿಗೆ ಇಟ್ಟರೂ ತಣ್ಣನೆ ಗಾಳಿ ಬರುವುದು, ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು ಕೇಳುವುದು ಇದರ ಗುರುತು.

ಪತ್ತೆ ಮಾಡುವ ಅತ್ಯಂತ ಸರಳ ದಾರಿ ಲೆಕ್ಕ ಹಾಕುವುದು. ದೊಡ್ಡ ಲಾರಿಗಳ ಒಳಗೆ 30 ಲೀಟರಿಗೂ ಮೀರಿ ಕೂಲೆಂಟ್ ಹಿಡಿಯುತ್ತದೆ. ಖಾಲಿ ಮಾಡಿದ್ದು 32 ಲೀಟರ್, ತುಂಬುವಾಗ 25ಕ್ಕೇ 'ಫುಲ್' ಆಯಿತು ಅಂದರೆ ಉಳಿದ 7 ಲೀಟರಿನ ಜಾಗದಲ್ಲಿ ಇರುವುದು ಗಾಳಿ. ಎಷ್ಟು ಇಳಿಸಿದರು, ಎಷ್ಟು ತುಂಬಿದರು ಎಂದು ಗ್ಯಾರೇಜಿನಲ್ಲಿ ಕೇಳಿ. ಲೆಕ್ಕವೇ ಇಟ್ಟಿಲ್ಲ ಎಂಬ ಉತ್ತರ ಬಂದರೆ ಈ ಹಂತವನ್ನು ಪೂರ್ತಿ ಮಾಡಿ.

ಗಾಳಿ ತೆಗೆಯುವ ವಿಧಾನ:

ಅ) ಇಂಜಿನ್ ತಣ್ಣಗಿರಲಿ. ಸಾಧ್ಯವಾದರೆ ತುಂಬುವ ಬಾಯಿ ಎಲ್ಲಕ್ಕಿಂತ ಎತ್ತರ ಬರುವಂತೆ ಗಾಡಿಯ ಮೂತಿಯನ್ನು ಸಣ್ಣ ಏರಿಗೆ ಮುಖ ಮಾಡಿ ನಿಲ್ಲಿಸಿ.

ಆ) ಕ್ಯಾಬಿನ್ ಹೀಟರನ್ನು ಫುಲ್ ಬಿಸಿಗೆ ತಿರುಗಿಸಿ. ಮಲಗುವ ಕ್ಯಾಬಿನ್ನಿಗೆ ಬೇರೆ ಹೀಟರ್ ಇದ್ದರೆ ಅದನ್ನೂ. ವಾಲ್ವ್ ಮುಚ್ಚಿದ್ದರೆ ಆ ಪೈಪಿನ ಗಾಳಿ ಅಲ್ಲೇ ಉಳಿಯುತ್ತದೆ. ಎಲ್ಲರೂ ಮರೆಯುವುದು ಈ ಎರಡನೇ ಹೀಟರನ್ನು.

ಇ) ಥರ್ಮೋಸ್ಟಾಟ್ ಡಬ್ಬಿ, ರೇಡಿಯೇಟರಿನ ಮೇಲ್ಭಾಗ, ಹೀಟರ್ ಪೈಪು, ಇಜಿಆರ್ ಕೂಲರ್ (ಹೊಗೆಯ ಒಂದು ಪಾಲನ್ನು ತಣಿಸಿ ಮತ್ತೆ ಇಂಜಿನ್ನಿಗೆ ಕೊಡುವ ಭಾಗ) ಇಲ್ಲೆಲ್ಲ ಏರ್ ಬಿಡುವ ಸ್ಕ್ರೂ ಇರಬಹುದು. ಪುಸ್ತಕ ನೋಡಿ ಎಲ್ಲವನ್ನೂ ಸಡಿಲಿಸಿ.

ಈ) ಕೂಲೆಂಟನ್ನು ನಿಧಾನವಾಗಿ ಸುರಿಯಿರಿ. ಅವಸರದಲ್ಲಿ ಬಕೆಟ್ ಬೋರಲು ಹಾಕಿದರೆ ಗಾಳಿ ಹೊರಬರಲು ದಾರಿಯೇ ಇರುವುದಿಲ್ಲ. ಸ್ಕ್ರೂಗಳಲ್ಲಿ ಗುಳ್ಳೆಯಿಲ್ಲದ ಧಾರೆ ಬಂದಂತೆ ಕೆಳಗಿನದರಿಂದ ಮೇಲಿನದರವರೆಗೆ ಒಂದೊಂದಾಗಿ ಬಿಗಿ ಮಾಡಿ.

ಉ) ಪುಸ್ತಕ ಹೇಳಿದಂತೆ ಕ್ಯಾಪ್ ಹಾಕಿಯೋ ಹಾಕದೆಯೋ ಇಂಜಿನ್ ಚಾಲೂ ಮಾಡಿ, ಐಡಲಿನಲ್ಲಿ ಬಿಡಿ. ಕ್ಯಾಪ್ ತೆರೆದಿದ್ದರೆ ಮಟ್ಟ ಇಳಿದಂತೆ ತುಂಬುತ್ತಾ ಹೋಗಿ; ಹಾಕಿದ್ದರೆ ತಣಿಯುವವರೆಗೆ ತೆಗೆಯಬೇಡಿ. ಥರ್ಮೋಸ್ಟಾಟ್ ತೆರೆಯುವವರೆಗೆ, ಅಂದರೆ ರೇಡಿಯೇಟರಿನ ಹೋಸ್ ಒಮ್ಮೆಲೇ ಬಿಸಿಯಾಗುವವರೆಗೆ, ಕಾಯಿರಿ.

ಊ) ಪೂರ್ತಿ ತಣಿಯಲು ಬಿಟ್ಟು ಮತ್ತೆ ಮಟ್ಟ ನೋಡಿ. ಎರಡು ಮೂರು ಸಲ ಕಾದು ತಣಿದ ಮೇಲೂ ಮಟ್ಟ ಇಳಿಯುತ್ತಲೇ ಇದ್ದರೆ ಅದು ಗಾಳಿಯಲ್ಲ, ಎಲ್ಲೋ ಸೋರಿಕೆ.

ವ್ಯಾಕ್ಯೂಮ್ ಫಿಲ್ಲರ್ ಎಂಬ ಉಪಕರಣ ಗ್ಯಾರೇಜಿನಲ್ಲಿದ್ದರೆ ಅದನ್ನೇ ಕೇಳಿ. ಒಳಗಿನ ಗಾಳಿಯನ್ನೆಲ್ಲ ಮೊದಲೇ ಹೀರಿ ಆಮೇಲೆ ಕೂಲೆಂಟನ್ನು ಎಳೆದುಕೊಳ್ಳುತ್ತದೆ. ಹೀರಿದ ನಂತರ ಅದರ ಮೀಟರ್ ನಿಂತಲ್ಲೇ ನಿಲ್ಲದಿದ್ದರೆ ಸೋರಿಕೆಯೂ ಆಗಲೇ ಗೊತ್ತಾಗಿಬಿಡುತ್ತದೆ.

ಬಹಳ ಮುಖ್ಯ: ಕಾದು ಓಡುತ್ತಿರುವ ಗಾಡಿಯಲ್ಲಿ ಮುಳ್ಳು ಇದ್ದಕ್ಕಿದ್ದಂತೆ 'ಸಿ' ಕಡೆ ಬಿದ್ದರೆ ಸಮಾಧಾನ ಪಡಬೇಡಿ. ಹೋಸ್ ಕಿತ್ತು ನೀರೆಲ್ಲ ಹೋಗಿ ಸೆನ್ಸರ್ ಒಣಗಿ ನಿಂತಾಗಲೂ ಹೀಗೇ ಆಗುತ್ತದೆ. ಆ ಹೊತ್ತಿನಲ್ಲಿ ಇಂಜಿನ್ ಸುಡುತ್ತಿರುತ್ತದೆ, ಮೀಟರ್ ತಣ್ಣಗಿದೆ ಎನ್ನುತ್ತಿರುತ್ತದೆ. ಕೂಡಲೇ ಪಕ್ಕಕ್ಕೆ ಹಾಕಿ ಆರಿಸಿ ನೋಡಿ.

ಹಂತ 3: ನಿಜವಾದ ಶಾಖ ಎಷ್ಟು ಎಂದು ಬೇರೆ ದಾರಿಯಲ್ಲಿ ಅಳೆಯಿರಿ

ಮುಂದಿನದೆಲ್ಲ ಈ ಹಂತದ ಮೇಲೆ ನಿಂತಿದೆ. ಥರ್ಮೋಸ್ಟಾಟ್ ಡಬ್ಬಿಯ ಮೇಲೆ, ಸೆನ್ಸರಿನ ಪಕ್ಕದಲ್ಲೇ, ಕಪ್ಪು ಟೇಪಿನ ಒಂದು ತುಂಡು ಅಂಟಿಸಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ನೇರವಾಗಿ ಗುರಿ ಹಿಡಿದರೆ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದದ್ದಕ್ಕಿಂತ ತುಂಬಾ ಕಡಿಮೆ ತೋರಿಸುತ್ತದೆ. ಇದು ಗೊತ್ತಿಲ್ಲದೆ 'ಇಂಜಿನ್ ತಣ್ಣಗಿದೆ, ಮೀಟರೇ ಕೆಟ್ಟಿದೆ' ಎಂದು ತೀರ್ಮಾನಿಸಿ ಹೆಡ್ ಸುಟ್ಟುಕೊಂಡವರಿದ್ದಾರೆ. ಟೇಪಿನ ಮೇಲೆ, ಹತ್ತಿರದಿಂದ ಅಳೆಯಿರಿ. ಒಳಗಿನ ನೀರು ಹೊರಮೈಗಿಂತ ಕೆಲವು ಡಿಗ್ರಿ ಹೆಚ್ಚೇ ಇರುತ್ತದೆ, ಆ ಅಂತರ ನೆನಪಿರಲಿ.

ಸ್ಕ್ಯಾನರ್ ಇದ್ದರೆ ಕೂಲೆಂಟ್ ಟೆಂಪರೇಚರ್ ಅಂಕಿಯನ್ನು ಪಕ್ಕದಲ್ಲಿಟ್ಟು ಹೋಲಿಸಿ. ಸ್ಕ್ಯಾನರ್ 88 ಎನ್ನುತ್ತದೆ, ಟೇಪ್ 83 ಎನ್ನುತ್ತದೆ, ಮುಳ್ಳು ಮಾತ್ರ ಕೆಂಪಿನಲ್ಲಿದೆ ಅಂದರೆ ದೋಷ ಕಂಪ್ಯೂಟರಿನಿಂದ ಡ್ಯಾಶ್‌ಬೋರ್ಡಿನ ನಡುವೆ. ಸ್ಕ್ಯಾನರ್ 118, ಟೇಪ್ 83 ಅಂದರೆ ಸೆನ್ಸರ್, ಅದರ ವೈರ್, ಇಲ್ಲವೇ ಸೆನ್ಸರಿನ ಸುತ್ತ ಹಬೆ. ಮೂರೂ ಹೆಚ್ಚು ತೋರಿಸಿದರೆ ಇಂಜಿನ್ ಕಾದಿದೆ, ವಾದ ಬೇಡ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ, ಯಾಕೆಂದರೆ ಯಾವುದನ್ನೂ ಬಿಚ್ಚಬೇಕಿಲ್ಲ. ರಾತ್ರಿಯಿಡೀ ನಿಂತ ಗಾಡಿಗೆ ಬೆಳಿಗ್ಗೆ ಕೀ ಮಾತ್ರ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ. ಸ್ಕ್ಯಾನರಿನಲ್ಲಿ ಕೂಲೆಂಟ್ ಶಾಖ ಮತ್ತು ಇಂಜಿನ್ನಿಗೆ ಹೋಗುವ ಗಾಳಿಯ ಶಾಖ ಎರಡನ್ನೂ ನೋಡಿ. ಎರಡೂ ಹೊರಗಿನ ಹವೆಯ ಹತ್ತಿರ, ಒಂದಕ್ಕೊಂದು ಕೆಲವೇ ಡಿಗ್ರಿ ಅಂತರದಲ್ಲಿರಬೇಕು. ಹೊರಗೆ 24 ಇರುವಾಗ ಕೂಲೆಂಟ್ 45 ತೋರಿಸಿದರೆ ಸೆನ್ಸರಿನ ಕಡೆಗೇ ನೇರ ಹೋಗಿ.

ಹಂತ 4: ಮುಳ್ಳೇ ತಪ್ಪು ಎಂದು ಖಚಿತವಾದರೆ

ಮೊದಲು ಕಣ್ಣಿನಿಂದ ನೋಡಿ. ಥರ್ಮೋಸ್ಟಾಟ್ ಡಬ್ಬಿಯ ಆಸುಪಾಸಿನಲ್ಲಿ ಎರಡು ಮೂರು ಸೆನ್ಸರ್‌ಗಳಿರಬಹುದು: ಮೀಟರಿಗೊಂದು, ಕಂಪ್ಯೂಟರಿಗೊಂದು, ಫ್ಯಾನಿಗೊಂದು. ಪ್ಲಗ್‌ಗಳು ಅದಲುಬದಲಾಗಿವೆಯೇ? ಒಳಗೆ ಕೂಲೆಂಟ್ ಇಳಿದು ಪಿನ್ನುಗಳು ಹಸಿರು ಕಟ್ಟಿವೆಯೇ? ವೈರ್ ಬಿಸಿ ಪೈಪಿಗೆ ತಾಗಿ ಕರಗಿದೆಯೇ?

ಆಮೇಲೆ ಅರ್ಥ್. ಇಂಜಿನ್ನಿನಿಂದ ಚಾಸಿಗೆ ಹೋಗುವ ದಪ್ಪ ಜಡೆ ವೈರನ್ನು ಬಿಚ್ಚಿ ಮತ್ತೆ ಹಾಕದೆ ಬಿಡುವುದು, ಅಥವಾ ಬಣ್ಣದ ಮೇಲೆ ಬೋಲ್ಟ್ ಮಾಡುವುದು ತುಂಬಾ ಸಾಮಾನ್ಯ. ಇಂಜಿನ್ ಓಡುತ್ತಿರುವಾಗ ಹೆಡ್‌ಲೈಟ್ ಹಾಕಿ, ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಇಂಜಿನ್ ಬ್ಲಾಕಿನ ಬರಿ ಲೋಹಕ್ಕೆ ಹಿಡಿಯಿರಿ. 0.2 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥ್ ದುರ್ಬಲ. ಸೆನ್ಸರಿನ ಮೈಗೂ ಹೀಗೇ ಹಿಡಿದು ನೋಡಿ. ಒಂದೇ ವೈರಿನ ಸೆನ್ಸರಿನ ತಿರುಪಿನ ಎಳೆಯ (ಥ್ರೆಡ್) ಮೇಲೆ ಬಿಳಿ ಟೇಪು ಎರಡು ಮೂರು ಸುತ್ತು ಸುತ್ತಿದ್ದರೆ ಅರ್ಥ್ ಸಿಗದೆ ಮುಳ್ಳು ಕಡಿಮೆ ತೋರಿಸಬಹುದು. ಟೇಪ್ ತೆಗೆದು ತಾಮ್ರದ ವಾಷರಿನ ಮೇಲೆ ಕೂರಿಸಿ, ಇಲ್ಲವೇ ತಯಾರಕರು ಹೇಳಿದ ಸೀಲೆಂಟ್ ತೆಳ್ಳಗೆ ಹಚ್ಚಿ.

ಒಂದೇ ವೈರಿನ ಸೆನ್ಸರ್ ಆಗಿದ್ದರೆ ಒಂದು ನಿಮಿಷದ ಪರೀಕ್ಷೆ ಇದೆ. ಕೀ ಆನ್ ಮಾಡಿ, ಸೆನ್ಸರಿನ ವೈರ್ ಎಳೆಯಿರಿ: ಮುಳ್ಳು 'ಸಿ' ಕಡೆ ಹೋಗಬೇಕು. ಆ ವೈರಿನ ತುದಿಯನ್ನು ಇಂಜಿನ್ ಲೋಹಕ್ಕೆ ಒಂದೆರಡು ಸೆಕೆಂಡ್ ಮಾತ್ರ ಮುಟ್ಟಿಸಿ: 'ಎಚ್' ಕಡೆ ಏರಬೇಕು. ಎರಡೂ ಆದರೆ ಮೀಟರ್, ವೈರ್ ಸರಿಯಿವೆ, ಸೆನ್ಸರ್ ಅಥವಾ ಅದರ ಅರ್ಥ್ ತಪ್ಪಿತಸ್ಥ. ವೈರ್ ಎಳೆದರೂ ಮುಳ್ಳು 'ಎಚ್'ನಲ್ಲೇ ಇದ್ದರೆ ವೈರ್ ಎಲ್ಲೋ ಸವೆದು ಚಾಸಿಗೆ ತಾಗಿದೆ. ಕೆಲವು ಮೀಟರುಗಳು ಉಲ್ಟಾ ನಡೆಯುತ್ತವೆ, ನಿಮ್ಮದು ಯಾವುದು ಎಂದು ಪುಸ್ತಕದಲ್ಲಿ ನೋಡಿಕೊಳ್ಳಿ.

ಕಂಪ್ಯೂಟರಿಗೆ ಹೋಗುವ ಎರಡು ವೈರಿನ ಸೆನ್ಸರಿಗೆ ಹೀಗೆ ಅರ್ಥ್ ಮುಟ್ಟಿಸುವ ಆಟ ಬೇಡ. ಅಲ್ಲಿ ಪ್ಲಗ್ ಕಿತ್ತು, ಎರಡು ಪಿನ್ನಿನ ನಡುವೆ ವೋಲ್ಟೇಜ್ ಅಳೆಯಿರಿ. ಹೆಚ್ಚಿನ ಗಾಡಿಗಳಲ್ಲಿ 5 ವೋಲ್ಟಿನ ಹತ್ತಿರ ಇರಬೇಕು. ಪ್ಲಗ್ ಕಿತ್ತಾಗ ಸ್ಕ್ಯಾನರ್ ಮೈನಸ್ 40ರ ಹತ್ತಿರ ತೋರಿಸಿದರೆ ವೈರ್ ಎಲ್ಲೂ ಶಾರ್ಟ್ ಆಗಿಲ್ಲ. ಕಂಪ್ಯೂಟರ್ ತಾನೇ ಬದಲಿ ಅಂಕಿ ಹಾಕಿಕೊಳ್ಳುವ ಗಾಡಿಗಳಲ್ಲಿ ಇದು ಕಾಣದಿರಬಹುದು, ಆಗ ಕೋಡ್ ಓದಿ. ಭಾರಿ ವಾಹನಗಳ ಕೋಡ್ ಎರಡು ಭಾಗದಲ್ಲಿ ಬರುತ್ತದೆ: ಎಸ್‌ಪಿಎನ್ ಯಾವ ಭಾಗ ಎಂದು, ಎಫ್ಎಮ್ಐ ಏನು ತೊಂದರೆ ಎಂದು. ಎಸ್‌ಪಿಎನ್ 110 ಅಂದರೆ ಕೂಲೆಂಟ್ ಶಾಖ. ಅದರ ಜೊತೆ ಎಫ್ಎಮ್ಐ 3 ಬಂದರೆ ವೋಲ್ಟೇಜ್ ಜಾಸ್ತಿ, ಬಹುತೇಕ ವೈರ್ ತುಂಡಾಗಿದೆ ಇಲ್ಲವೇ ಪ್ಲಗ್ ಬಿಟ್ಟಿದೆ. 4 ಬಂದರೆ ವೋಲ್ಟೇಜ್ ಕಡಿಮೆ, ಶಾರ್ಟ್. 0 ಅಥವಾ 16 ಬಂದರೆ ಕಂಪ್ಯೂಟರ್ ಹೇಳುತ್ತಿರುವುದು 'ವೈರ್ ಸರಿಯಿದೆ, ಶಾಖವೇ ಜಾಸ್ತಿ' ಎಂದು; ಹಂತ 6ಕ್ಕೆ ಹೋಗಿ. ಎಸ್‌ಪಿಎನ್ 111 ಕೂಲೆಂಟ್ ಮಟ್ಟದ್ದು, ಅದು ಕಂಡರೆ ಹಂತ 2ಕ್ಕೆ ವಾಪಸ್.

ಸೆನ್ಸರಿನ ರೆಸಿಸ್ಟೆನ್ಸನ್ನೂ ಅಳೆಯಬಹುದು. ತುಂಬಾ ಬಳಕೆಯಲ್ಲಿರುವ ಒಂದು ಬಗೆಯದರಲ್ಲಿ 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 80ರಲ್ಲಿ 300ರ ಆಸುಪಾಸು, 100ರಲ್ಲಿ 190ರ ಹತ್ತಿರ ಬರುತ್ತದೆ. ನಿಮ್ಮದರ ಅಂಕಿ ಬೇರೆ ಇರಬಹುದು, ಆದರೆ ಬಿಸಿನೀರಿನಲ್ಲಿ ಅದ್ದಿದಾಗ ಅಂಕಿ ಜಿಗಿಯದೆ ನಯವಾಗಿ ಇಳಿಯಬೇಕು. ತಿರುಪಿನ ಎಳೆ ಒಂದೇ, ಪ್ಲಗ್ ಒಂದೇ, ಒಳಗಿನ ಅಂಕಿ ಬೇರೆ — ಇಂಥ ಸೆನ್ಸರ್‌ಗಳು ಅಂಗಡಿಯಲ್ಲಿ ಬೇಕಾದಷ್ಟಿವೆ. 'ಹೊಸದು ಹಾಕಿದೆ, ಅದು ಕೆಟ್ಟಿರಲಿಕ್ಕಿಲ್ಲ' ಎನ್ನಬೇಡಿ. ಡಬ್ಬಿಯ ಮೇಲಿನ ಪಾರ್ಟ್ ನಂಬರ್ ನೋಡಿ.

ಹಂತ 5: ಥರ್ಮೋಸ್ಟಾಟ್

ಇದೊಂದು ಬಾಗಿಲು. ಒಳಗಿನ ಮೇಣ ಕಾದು ಉಬ್ಬಿದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ತಣ್ಣಗಿರುವಾಗ ನೀರು ಬೈಪಾಸ್ ಎಂಬ ಒಳದಾರಿಯಲ್ಲೇ ಇಂಜಿನ್ ಸುತ್ತುತ್ತಿರುತ್ತದೆ. ತೆರೆಯುವ ಶಾಖವನ್ನು ಅದರ ಮೈಮೇಲೇ ಕೊರೆದಿರುತ್ತಾರೆ, 82 ಅಥವಾ 88 ಹೀಗೆ. ಪೂರ್ತಿ ತೆರೆಯುವುದು ಅದಕ್ಕಿಂತ ಹತ್ತು ಹದಿನೈದು ಡಿಗ್ರಿ ಮೇಲೆ.

ಹಾಕುವಾಗ ಆಗುವ ತಪ್ಪುಗಳು: ಮೇಣದ ಗುಂಡು ಇಂಜಿನ್ ಕಡೆ ಇರಬೇಕಾದದ್ದು ಉಲ್ಟಾ ಆಗಿರುವುದು, ಗಾಳಿ ಹೋಗಲೆಂದು ಇರುವ ಸಣ್ಣ ತೂತು ಮೇಲಕ್ಕೆ ಬರದೆ ಕೆಳಗೆ ಬಂದಿರುವುದು, ಸುತ್ತಲಿನ ರಬ್ಬರ್ ಸೀಲ್ ಹಾಕದೆ ಬಿಟ್ಟಿರುವುದು. ಸೀಲ್ ಇಲ್ಲದಿದ್ದರೆ ಬಾಗಿಲು ಮುಚ್ಚಿದ್ದರೂ ನೀರು ಅಂಚಿನಿಂದ ನುಸುಳುತ್ತದೆ, ಇಂಜಿನ್ ಕಾಯುವುದೇ ಇಲ್ಲ. ಎರಡು ಥರ್ಮೋಸ್ಟಾಟ್ ಇರುವ ಇಂಜಿನ್‌ಗಳಲ್ಲಿ ಒಂದನ್ನಷ್ಟೇ ಬದಲಾಯಿಸುವುದೂ ಉಂಟು.

ಅನುಮಾನವಿದ್ದರೆ ಬಿಚ್ಚಿ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ತೂಗುಬಿಡಿ, ತಳಕ್ಕೆ ತಾಗದಿರಲಿ. ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸಿ. ಕೊರೆದ ಅಂಕಿಯ ಆಸುಪಾಸಿನಲ್ಲಿ ಬಾಯಿ ಬಿಡಬೇಕು, ತಣಿದಾಗ ಪೂರ್ತಿ ಮುಚ್ಚಬೇಕು.

'ಕಿರಿಕಿರಿಯೇ ಬೇಡ, ಥರ್ಮೋಸ್ಟಾಟ್ ತೆಗೆದುಬಿಡಿ' ಎಂಬ ಸಲಹೆ ನಿಮಗೆ ಖಂಡಿತ ಸಿಗುತ್ತದೆ. ಒಪ್ಪಬೇಡಿ. ಹಲವು ಲಾರಿ ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗಲೇ ಬೈಪಾಸ್ ದಾರಿ ಮುಚ್ಚುವುದು. ಅದನ್ನು ತೆಗೆದರೆ ಬೈಪಾಸ್ ಸದಾ ತೆರೆದೇ ಇದ್ದು, ಬಿಸಿನೀರಿನ ದೊಡ್ಡ ಪಾಲು ರೇಡಿಯೇಟರಿಗೆ ಹೋಗದೆ ಸುತ್ತುತ್ತದೆ. ಬರಿ ಗಾಡಿಯಲ್ಲಿ ತಣ್ಣಗೆ, ಲೋಡ್ ಹಾಕಿದಾಗ ಬೆಂಕಿ. ತಣ್ಣಗೆ ಓಡುವುದೂ ಒಳ್ಳೆಯದಲ್ಲ: ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಆಯಿಲ್ ಹಾಳಾಗುತ್ತದೆ, ಲೈನರ್ (ಸಿಲಿಂಡರಿನ ಒಳಗೋಡೆ) ಸವೆಯುತ್ತದೆ.

ಹಂತ 6: ಇಂಜಿನ್ ನಿಜವಾಗಿಯೇ ಕಾಯುತ್ತಿದ್ದರೆ

ರೇಡಿಯೇಟರಿಗೆ ಬಿಸಿನೀರು ಬರುವ ಹೋಸ್, ವಾಪಸ್ ಹೋಗುವ ಹೋಸ್ ಎರಡರ ಶಾಖವನ್ನೂ ಅಳೆಯಿರಿ. ಒಂದು ಸುಡುತ್ತಿದೆ, ಇನ್ನೊಂದು ಬಹುತೇಕ ತಣ್ಣಗಿದೆ ಅಂದರೆ ನೀರು ಹರಿಯುತ್ತಿಲ್ಲ: ಥರ್ಮೋಸ್ಟಾಟ್, ಪಂಪ್, ಅಥವಾ ಕಟ್ಟಿಕೊಂಡ ರೇಡಿಯೇಟರ್. ಎರಡೂ ಹೆಚ್ಚುಕಡಿಮೆ ಒಂದೇ ಬಿಸಿ ಅಂದರೆ ನೀರು ಹರಿಯುತ್ತಿದೆ, ಶಾಖ ಹೊರಹೋಗುತ್ತಿಲ್ಲ: ಫ್ಯಾನ್, ಕವಚ, ಕೊಳೆ. ರೇಡಿಯೇಟರಿನ ಮುಖದ ಉದ್ದಗಲಕ್ಕೂ ಗುರಿ ಹಿಡಿದು ನೋಡುತ್ತಾ ಹೋಗಿ. ನಡುವೆ ಎಲ್ಲೋ ತಣ್ಣಗಿನ ಪಟ್ಟಿ ಸಿಕ್ಕಿದರೆ ಅಲ್ಲಿನ ಕೊಳವೆಗಳು ಕಟ್ಟಿವೆ. ಸೋರಿಕೆ ನಿಲ್ಲಿಸುವ ಪುಡಿ, ದ್ರವ ಹಾಕಿದ ಗಾಡಿಗಳಲ್ಲಿ, ಒಂದಕ್ಕೊಂದು ಹೊಂದದ ಎರಡು ಬಗೆಯ ಕೂಲೆಂಟ್ ಬೆರೆಸಿದ ಗಾಡಿಗಳಲ್ಲಿ ಹೀಗಾಗುತ್ತದೆ.

ರೇಡಿಯೇಟರ್ ಮತ್ತು ಅದರ ಮುಂದಿನ ಇಂಟರ್‌ಕೂಲರ್ (ಟರ್ಬೋದಿಂದ ಇಂಜಿನ್ನಿಗೆ ಹೋಗುವ ಗಾಳಿಯನ್ನು ತಣಿಸುವ ಭಾಗ) ನಡುವಿನ ಸಂದಿಗೆ ಟಾರ್ಚ್ ಬಿಟ್ಟು ನೋಡಿ. ಎದುರಿನಿಂದ ಶುಭ್ರವಾಗಿ ಕಂಡರೂ ಆ ಸಂದಿಯಲ್ಲಿ ಧೂಳು, ಹುಲ್ಲು, ಎಣ್ಣೆ ಸೇರಿ ಕಂಬಳಿ ಹೊದಿಸಿದಂತೆ ಇರಬಹುದು. ಇಂಜಿನ್ ಬಿಸಿ ಇರುವಾಗ ಫ್ಯಾನ್ ಜೋರಾಗಿ ತಿರುಗತೊಡಗುವ ಸದ್ದು ಬರುತ್ತದೆಯೇ ಕೇಳಿ. ಇಂಜಿನ್ ರೇಸ್ ಮಾಡಿದಾಗ ಪಂಪಿಗೆ ನೀರು ತರುವ ಕೆಳಗಿನ ಹೋಸ್ ಚಪ್ಪಟೆಯಾಗುತ್ತದೆಯೇ ನೋಡಿ; ಒಳಗಿನ ಸ್ಪ್ರಿಂಗ್ ಹಾಕದೆ ಬಿಟ್ಟಿದ್ದರೆ ಅಥವಾ ಮೆತ್ತಗಿನ ಹೋಸ್ ಹಾಕಿದ್ದರೆ ಹಾಗಾಗುತ್ತದೆ. ಕ್ಯಾಪನ್ನು ಪ್ರೆಷರ್ ಟೆಸ್ಟರಿನಲ್ಲಿ ಪರೀಕ್ಷಿಸಿ. ಕ್ಯಾಪ್ ಒತ್ತಡ ಹಿಡಿಯದಿದ್ದರೆ ಹೆಡ್ಡಿನೊಳಗೆ ಅಲ್ಲಲ್ಲಿ ಕುದಿದು ಹಬೆಯ ಗುಳ್ಳೆ ಸೆನ್ಸರಿಗೆ ಬಡಿಯುತ್ತದೆ, ಮುಳ್ಳು ಕುಣಿಯುತ್ತದೆ.

ಕೊನೆಗೆ ಗುಳ್ಳೆಗಳು. ಗಾಳಿಯೆಲ್ಲ ತೆಗೆದ ಮೇಲೂ ಕೂಲೆಂಟ್ ಟ್ಯಾಂಕಿನಲ್ಲಿ ನಿಲ್ಲದೆ ಗುಳ್ಳೆ ಬರುತ್ತಿದ್ದರೆ, ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಎಲ್ಲರೂ 'ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಹೋಗಿದೆ' ಎನ್ನುತ್ತಾರೆ. ಇರಬಹುದು. ಆದರೆ ಲಾರಿಯಲ್ಲಿ ಇನ್ನೂ ಇಬ್ಬರು ಆರೋಪಿಗಳಿದ್ದಾರೆ. ಏರ್ ಬ್ರೇಕಿನ ಕಂಪ್ರೆಸರ್ ಕೂಡ ಬಹಳ ಗಾಡಿಗಳಲ್ಲಿ ಇದೇ ಕೂಲೆಂಟಿನಿಂದ ತಣಿಯುತ್ತದೆ. ಅದರ ತಲೆಯ ಗ್ಯಾಸ್ಕೆಟ್ ಹೋದರೆ ಗಾಳಿಯನ್ನು ನೇರ ಕೂಲೆಂಟಿಗೆ ತಳ್ಳುತ್ತದೆ. ಏರ್ ಟ್ಯಾಂಕ್ ತುಂಬಿ ಕಂಪ್ರೆಸರ್ 'ಟಸ್' ಎಂದು ಬಿಡುಗಡೆಯಾದಾಗ ಗುಳ್ಳೆ ಕಡಿಮೆಯಾಗಿ, ಮತ್ತೆ ಪಂಪ್ ಮಾಡಲು ತೊಡಗಿದಾಗ ಹೆಚ್ಚಾದರೆ ಅದೇ ಕಳ್ಳ. ಇನ್ನೊಂದು ಇಜಿಆರ್ ಕೂಲರ್, ಅದು ಒಡೆದರೆ ಹೊಗೆ ಕೂಲೆಂಟಿಗೆ ಸೇರುತ್ತದೆ. ಕೂಲೆಂಟ್ ಟ್ಯಾಂಕಿನ ಬಾಯಿಯ ಗಾಳಿಯನ್ನು ಹೀರುವ ನೀಲಿ ದ್ರಾವಣದ ಪರೀಕ್ಷೆ ಮಾಡಿಸಿ: ಬಣ್ಣ ಹಳದಿ ಅಥವಾ ಹಸಿರಿಗೆ ತಿರುಗಿದರೆ ಉರಿದ ಅನಿಲ ಇದೆ, ತಿರುಗದೆ ಗುಳ್ಳೆ ಮಾತ್ರ ಬಂದರೆ ಕಂಪ್ರೆಸರಿನ ಗಾಳಿ. ಇದನ್ನು ನೋಡದೆ ಹೆಡ್ ಇಳಿಸಲು ಒಪ್ಪಬೇಡಿ.

ಹಂತ 7: ಲೋಡ್ ಹಾಕಿ ಓಡಿಸಿ ನೋಡಿ

ಗ್ಯಾರೇಜಿನ ಐಡಲ್‌ನಲ್ಲಿ ಸರಿ ಇದ್ದದ್ದು ಏರಿನಲ್ಲಿ ಸರಿ ಇರುತ್ತದೆ ಎಂದೇನಿಲ್ಲ. ಮೊದಲು ಬರಿ ಗಾಡಿ, ಆಮೇಲೆ ಲೋಡ್. ಪಕ್ಕದಲ್ಲಿ ಕೂತವರು ಪ್ರತಿ ಐದು ನಿಮಿಷಕ್ಕೊಮ್ಮೆ ಮುಳ್ಳು, ಸ್ಕ್ಯಾನರ್ ಅಂಕಿ, ರಸ್ತೆ ಏರೋ ಸಮವೋ ಎಂದು ಬರೆಯಲಿ. ರಿಟಾರ್ಡರ್ (ಬ್ರೇಕಿಗೆ ನೆರವಾಗಿ ವೇಗ ತಗ್ಗಿಸುವ ಸಾಧನ) ಇರುವ ಗಾಡಿಯಲ್ಲಿ ಉದ್ದ ಇಳಿಜಾರಿನಲ್ಲೂ ಶಾಖ ಏರಬಹುದು. ಚಕ್ರವನ್ನು ತಡೆಯುವಾಗ ಹುಟ್ಟುವ ಶಾಖವನ್ನು ಅದು ಕೂಲೆಂಟಿಗೇ ಕೊಡುತ್ತದೆ, ಅದು ದೋಷವಲ್ಲ.

ದಾರಿಯಲ್ಲಿ ಮುಳ್ಳು ಕೆಂಪಿಗೆ ಹೋದರೆ: ಪಕ್ಕಕ್ಕೆ ನಿಲ್ಲಿಸಿ. ಹಬೆ ಏಳುತ್ತಿದ್ದರೆ, ನೀರು ಸುರಿಯುತ್ತಿದ್ದರೆ ತಕ್ಷಣ ಆರಿಸಿ. ನೀರು ಎಲ್ಲೂ ಹೋಗಿಲ್ಲ ಎಂದು ಖಾತ್ರಿಯಿದ್ದರೆ ನ್ಯೂಟ್ರಲ್‌ನಲ್ಲಿ ಐಡಲ್ ಬಿಟ್ಟು, ಹೀಟರ್ ಫುಲ್ ತಿರುಗಿಸಿ ಒಂದೆರಡು ನಿಮಿಷ ನೋಡಿ. ಮುಳ್ಳು ಇಳಿಯದಿದ್ದರೆ ಆರಿಸಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಒಳಗೂ ಬೇಡ, ಹೊರಗೂ ಬೇಡ; ಹೆಡ್ ಬಿರುಕು ಬಿಡುತ್ತದೆ.

ಮರುದಿನ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು, ಟ್ಯಾಂಕಿನ ಮಟ್ಟಕ್ಕೆ ಪೆನ್ನಿನಿಂದ ಗೆರೆ ಹಾಕಿ. ಮುಂದಿನ ಒಂದು ವಾರ ದಿನಾ ಅದೇ ಹೊತ್ತಿಗೆ ನೋಡಿ. ಹೊಸ ಕ್ಲಿಪ್ಪುಗಳನ್ನು ಮೊದಲ ಟ್ರಿಪ್ ಆದ ಮೇಲೆ, ತಣ್ಣಗಿರುವಾಗ, ಇನ್ನೊಮ್ಮೆ ಬಿಗಿ ಮಾಡಿ. ಗೆರೆ ಇಳಿದರೆ, ಗ್ಯಾರೇಜಿಗೆ ಹೋಗುವಾಗ ಬರೆದಿಟ್ಟ ಕಾಗದವನ್ನೂ ಜೊತೆಗೆ ಒಯ್ಯಿರಿ: ಎಷ್ಟು ದಿನಕ್ಕೆ ಎಷ್ಟು ಇಳಿಯಿತು, ಮುಳ್ಳು ಎಲ್ಲಿ ಆಡಿತು, ಆಗ ಸ್ಕ್ಯಾನರ್ ಎಷ್ಟು ಹೇಳುತ್ತಿತ್ತು ಎಂಬ ಲೆಕ್ಕ ಕೈಯಲ್ಲಿದ್ದರೆ ಮೆಕ್ಯಾನಿಕ್ ಮೊದಲ ಹಂತದಿಂದ ಮತ್ತೆ ಶುರು ಮಾಡಬೇಕಿಲ್ಲ.